ಅಂಟಿಸಿದ ಗಡ್ಡ

ಕೆಂಟನ್‌ನಲ್ಲಿ ನಮ್ಮ ಮೇಲಿನ ಫ್ಲ್ಯಾಟಿನ ಯಹೂದಿ ಗಾಯಕಿ ಸುಳ್ಳು ಗಡ್ಡ ಅಂಟಿಸಿಕೊಂಡು, ತನ್ನವರಲ್ಲಿ ಗಂಡಸರಷ್ಟೇ ಹಾಡುವ ಪ್ರಾರ್ಥನೆಗಳನ್ನು ಹಾಡುತ್ತ ನಾಟಕವಾಡುತ್ತಿದ್ದಳು. ನಡುನಡುವೆ ದೇವರನ್ನು ಗದರುತ್ತಿದ್ದಳು. ಯಾರಾದರೂ ಹುಬ್ಬೇರಿಸಿದರೆ, "ನಮ್ಮ ಮನೆಯವನೇ ತಾನೇ, ಬೈದರೇನು?" ಎನ್ನುವಳು. ಧಾರವಾಡದಿಂದ ಬಂದಿದ್ದ ನನ್ನ ಅವ್ವ ಅದನ್ನು ಕೇಳಿ, "ನಮ್ಮ ದಾಸರೂ ವಿಠ್ಠಲಗ ಹಿಂಗ ಬೈತಿದ್ರಲ್ಲ, ತಂಗಿ" ಎಂದಳು. ನಾನು ಅನುವಾದಿಸಿದಾಗ ಅವಳು ಅವ್ವನ ಕೈಯನ್ನು ಗಲ್ಲಕ್ಕೆ ಒತ್ತಿಕೊಂಡಳು.

ಅವಳ ತಂದೆ ಯಹೂದಿಗಳ ಮಂದಿರವಾದ ಸಿನಗಾಗ್‌ನಲ್ಲಿ ಪ್ರಾರ್ಥನೆ ಹಾಡುತ್ತಿದ್ದವರು. ಗಡ್ಡದ ವಿಷಯ ತಿಳಿದಂದಿನಿಂದ ಮಗಳೊಡನೆ ಮಾತು ಬಿಟ್ಟಿದ್ದರು. ಅವಳು ಪ್ರತಿ ನಾಟಕಕ್ಕೂ ಅವರಿಗೆ ಅಂಚೆಯಲ್ಲಿ ಟಿಕೆಟ್ ಕಳಿಸುತ್ತಿದ್ದಳು. ಒಂದು ಮಧ್ಯಾಹ್ನ, ತೊಂಬತ್ತರ ದಶಕದ ಕೊನೆಯಿರಬೇಕು, ಅವರು ನಾಟಕಕ್ಕೆ ಬಂದು ನಮ್ಮ ನಡುವೆ ಕುಳಿತರು. ತಂದೆ ಹಾಡುತ್ತಿದ್ದ ಪ್ರಾರ್ಥನೆಯನ್ನೇ ಅವಳು ಎತ್ತಿಕೊಂಡಾಗ ಅವರು ಎದ್ದು ನಿಂತರು. ಹೊರಟೇಬಿಟ್ಟರು ಎಂದುಕೊಂಡೆವು.

"ಗಡ್ಡ ಇರಲಿ," ಎಂದರು. "ಎರಡನೇ ಸಾಲು ತಪ್ಪು. ಅಲ್ಲಿ ಅಷ್ಟು ಅವಸರ ಮಾಡಬಾರದು." ಅವರೇ ಹಾಡಿ ತೋರಿಸಿದರು.

ಆಗ ಅವಳು ಅತ್ತಳೆಂದು ನನ್ನ ದಿನಚರಿ ಹೇಳುತ್ತದೆ. ನನ್ನ ನೆನಪಿನಲ್ಲಿ ನಗುತ್ತಿದ್ದಾಳೆ. ಯಾವುದನ್ನು ನಂಬಲಿ? ಅವಳು ಆ ಸಾಲನ್ನು ಮತ್ತೆ ನಿಧಾನವಾಗಿ ಹಾಡಿದ್ದು, ಮುಗಿಯುವವರೆಗೂ ತಂದೆ ನಿಂತೇ ಕೇಳಿದ್ದು, ಇಷ್ಟು ಮಾತ್ರ ಎರಡರಲ್ಲೂ ಇದೆ.