ಮುಂದಲೆಯ ಮೇಲೆ ಉಪ್ಪಿನ ಶಾಖ

ಹೋದ ವಾರ ಚಿತ್ರದುರ್ಗದಲ್ಲಿ ಹಲ್ಲು ಕೀಳಿಸಿಕೊಂಡು ಹೊರಗೆ ಬಂದಾಗ ಬೆಂಚಿನ ಮೇಲೆ ನಾವು ಮೂವರಿದ್ದೆವು. ನಾನು, ನನ್ನ ಹೆಂಡತಿ, ಮದಕರಿಪುರದಿಂದ ಬಂದಿದ್ದ ಒಬ್ಬ ಅಜ್ಜಿ. ಸೂಜಿ ಹಾಕಿದ್ದ ಕೆನ್ನೆ ಬೇರೆ ಯಾರದೋ ಎಂಬಂತೆ ನೇತುಬಿದ್ದಿತ್ತು. ಬೆರಳಿಂದ ಒತ್ತಿ ನೋಡಿದೆ. ಬೆರಳಿಗೆ ಕೆನ್ನೆ ಸಿಕ್ಕಿತು, ಕೆನ್ನೆಗೆ ಬೆರಳು ಸಿಗಲಿಲ್ಲ. ಅಷ್ಟಕ್ಕೇ ಎದೆ ಹೊಡೆದುಕೊಳ್ಳತೊಡಗಿತು. ಇಷ್ಟು ದೊಡ್ಡ ಗಂಡಸು ಒಂದು ಹಲ್ಲಿಗೆ ನಡುಗುತ್ತಾನಲ್ಲ ಎಂದು ಅಜ್ಜಿ ಅಂದುಕೊಂಡಿರಬೇಕು. ನಾನು ನಡುಗಿದ್ದು ಹಲ್ಲಿಗಲ್ಲ. ಯಾವುದಕ್ಕೆ ಎಂದು ನಿಮಗೆ ಹೇಳುತ್ತೇನೆ, ನಕ್ಕರೆ ನಗಿ.

ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತ. ನನಗೆ ಇಪ್ಪತ್ತೇಳು, ನನ್ನ ತಲೆಗೆ ಐವತ್ತು. ಹೊಸದುರ್ಗದ ಕಡೆಯ ಹೆಣ್ಣಿನವರು ಮನೆ ನೋಡಲು ಬಂದವರು ಅವಲಕ್ಕಿ ತಿಂದು, ಕೈ ತೊಳೆದು, ಹುಡುಗ ಎಲ್ಲಿ ಎಂದು ನನ್ನನ್ನೇ ಕೇಳಿದರು. ಅದಾದ ಮೇಲೆ ನಾನು ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ನೇತುಹಾಕಿದೆ. ಅಂಥ ದಿನಗಳಲ್ಲೇ ಗಾರ್ಡ್ ಒಬ್ಬರು, ಬೊಂಬಾಯಿಯಲ್ಲಿ ಒಬ್ಬ ಡಾಕ್ಟರು ಹಿಂದಲೆಯ ಕೂದಲನ್ನು ಬೇರುಸಮೇತ ತೆಗೆದು ಮುಂದಲೆಗೆ ನೆಡುತ್ತಾರಂತೆ ಎಂದು ಹೇಳಿದರು. ನನ್ನ ಹತ್ತಿರ ರೈಲ್ವೆ ಪಾಸಿತ್ತು, ಬುದ್ಧಿ ಇರಲಿಲ್ಲ. ಹೋಗಿಬಂದೆ.

ತಲೆಗೆ ಪಟ್ಟಿ ಸುತ್ತಿಕೊಂಡು ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತಾಗ ಅವ್ವ ನನ್ನನ್ನು ಯಾರೋ ಹೊಡೆದಿದ್ದಾರೆಂದೇ ತಿಳಿದಳು. ನಡೆದದ್ದನ್ನು ಹೇಳಿದೆ. ಅವ್ವ ಹಿರೇಗುಂಟನೂರಿನ ಈರುಳ್ಳಿ ಹೊಲದಲ್ಲಿ ಬೆಳೆದವಳು. ಸಸಿ ಕಿತ್ತು ನೆಡುವುದು ಅವಳಿಗೆ ಹೊಸದೇನಲ್ಲ.

"ಹಂಗಾರೆ ನೀರು ಯಾವಾಗ ಬಿಡ್ಬೇಕಂತೆ?" ಎಂದು ಕೇಳಿದಳು.

ಡಾಕ್ಟರು ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದುಕೊಟ್ಟಿದ್ದರು. ದಿಂಬಿಗೊರಗಿ ಕೂತೇ ನಿದ್ದೆ ಮಾಡಬೇಕು, ಬಗ್ಗಬಾರದು. ಹಣೆಗೆ ತಣ್ಣೀರ ಬಟ್ಟೆ ಹಾಕಬೇಕು, ನೆಟ್ಟ ಜಾಗ ಮುಟ್ಟಬಾರದು. ಊತ ಬರುತ್ತದೆ, ಹೋಗುತ್ತದೆ. ತಲೆ ಕೆಲವು ತಿಂಗಳು ಜೋಮು ಹಿಡಿದಂತಿರುತ್ತದೆ. ಎಲ್ಲವೂ ಅದರಲ್ಲಿತ್ತು. ಆದರೆ ಊತ ಎಂಬ ಪದವನ್ನು ಓದುವುದು ಬೇರೆ, ಅದು ಹಣೆಯಿಂದ ದಿನಕ್ಕೊಂದು ಬೆರಳಿನಷ್ಟು ಕೆಳಗಿಳಿಯುವುದನ್ನು ಕಾಯುತ್ತ ಕೂರುವುದು ಬೇರೆ. ಬಂದ ಮಾರನೆಯ ದಿನ ಹುಬ್ಬು ಊದಿತು. ಅದರ ಮಾರನೆಯ ಬೆಳಿಗ್ಗೆ ಕಣ್ಣು ತೆರೆಯಹೋದರೆ ರೆಪ್ಪೆಗಳು ಏಳಲೇ ಇಲ್ಲ. ಹೊರಗೆ ಗೂಡ್ಸ್ ಗಾಡಿ ಹೋಗುವ ಸದ್ದು ಕೇಳುತ್ತಿತ್ತು, ಬಿಸಿಲು ಮೈಗೆ ತಾಕುತ್ತಿತ್ತು, ನನಗೆ ಮಾತ್ರ ಕತ್ತಲೆ. ನಾಲ್ಕು ಕೂದಲಿನ ಆಸೆಗೆ ಎರಡು ಕಣ್ಣು ಕಳಕೊಂಡೆನೆಂದು ಕೂತಲ್ಲೇ ಬೆವತೆ.

ನಮ್ಮ ಕಡೆ ಊತವೆಂದರೆ ಶಾಖ. ಕಲ್ಲುಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಹಂಚಿನ ಮೇಲೆ ಬಿಸಿ ಮಾಡಿ ಒತ್ತುತ್ತಾರೆ. ಅದಕ್ಕೊಂದು ಕ್ರಮವಿದೆ. ಒತ್ತುವವರು "ತಡೀತೈತಾ?" ಎಂದು ಕೇಳುತ್ತಿರಬೇಕು, ಒತ್ತಿಸಿಕೊಳ್ಳುವವರು ತಡೆಯದಾದಾಗ ಸಾಕು ಅನ್ನಬೇಕು. ಬಿಸಿಯ ಅಳತೆಯೆಲ್ಲ ಆ ಒಂದು ಉತ್ತರದಲ್ಲಿರುತ್ತದೆ. ತಣ್ಣೀರು ಹಾಕಿದರೆ ತಲೆಗೆ ಶೀತ ಏರುತ್ತದೆಂದು ಅವ್ವ ಹೆದರಿದ್ದಳು. ಕಣ್ಣು ಹೋಗುತ್ತದೆಂದು ನಾನು ಹೆದರಿದ್ದೆ. ಇಬ್ಬರೂ ಸೇರಿ ಪಟ್ಟಿ ಬಿಚ್ಚಿದೆವು.

"ತಡೀತೈತೇನಪ್ಪ?"

"ತಡೀತೈತೆ. ಇನ್ನೊಂದಿಷ್ಟು ಕಾಯ್ಸವ್ವ."

ಅವ್ವ ಕಾಯಿಸಿದಳು, ಹಣೆಯಿಂದ ಮೇಲಕ್ಕೆ, ಮುಂದಲೆಯ ಬಲಗಡೆಗೂ ಒತ್ತಿದಳು. ಮತ್ತೆ ಕೇಳಿದಳು. ನಾನು ಮತ್ತೆ ಅದೇ ಉತ್ತರ ಕೊಟ್ಟೆ. ಸುಳ್ಳಲ್ಲ, ನನಗೆ ನಿಜವಾಗಿಯೂ ಏನೂ ಗೊತ್ತಾಗುತ್ತಿರಲಿಲ್ಲ.

ಗೊತ್ತಾದದ್ದು ಪಕ್ಕದ ಮನೆಯ ರುದ್ರಣ್ಣನಿಗೆ, ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಮಧ್ಯಾಹ್ನ ನೋಡಲು ಬಂದವನು ನನ್ನನ್ನು ಕಂಡು, ಕುಂಬಳಕಾಯಿಗೆ ಮೀಸೆ ಬರೆದಂಗೈತಲ್ಲೋ ಎಂದು ನಗಲು ಶುರುಮಾಡಿದ. ಅರ್ಧಕ್ಕೇ ನಗು ನಿಂತಿತು. ಏನಾಯ್ತೋ ಎಂದು ಎರಡು ಸಲ ಕೇಳಿದೆ. ಅವನು ನನ್ನ ಕಿವಿಯ ಹತ್ತಿರ ಬಂದು, "ಬೊಬ್ಬೆ ಎದ್ದೈತೆ ಕಣೋ. ಏಳು, ದುರ್ಗಕ್ಕೆ ಹೋಗಾಣ," ಎಂದ.

ರೈಲಿನಲ್ಲಿ ರುದ್ರಣ್ಣ ಒಂದು ಕೈ, ಅವ್ವ ಒಂದು ಕೈ ಹಿಡಿದು ಕೂತಿದ್ದರು. ದಾರಿಯುದ್ದಕ್ಕೂ ನಾನು ಬೆರಳಿಂದ ಮುಂದಲೆಯ ಅಂಚನ್ನು ಒತ್ತಿ ಒತ್ತಿ ನೋಡುತ್ತಿದ್ದೆ. ಒದ್ದೆ ತೊಗಲಿನ ಚೀಲ ಮುಟ್ಟಿದಂತಾಗುತ್ತಿತ್ತು. ಸತ್ತ ಮೇಲೆ ಮೈಯೆಲ್ಲ ಹೀಗೇ ಇರುತ್ತದೇನೋ, ನನಗೆ ತಲೆಯಿಂದ ಶುರುವಾಗಿದೆಯೇನೋ ಎಂದುಕೊಂಡೆ.

ಆಸ್ಪತ್ರೆಯಲ್ಲಿ ಡಾಕ್ಟರು ಅವ್ವನನ್ನು ಪರದೆಯಾಚೆ ಕೂರಿಸಿದರು. ಸೂಜಿಯಿಂದ ಅಲ್ಲಲ್ಲಿ ಚುಚ್ಚಿ, ನೋವಾಗುತ್ತಾ ಎಂದು ಕೇಳಿದರು. ಯಾವಾಗ ಚುಚ್ಚಿದಿರಿ ಎಂದು ನಾನು ಕೇಳಿದೆ. ಕಣ್ಣಿಗೇನೂ ಆಗಿಲ್ಲ, ಊತ ಎರಡು ದಿನಕ್ಕೆ ತಾನಾಗಿ ಇಳಿಯುತ್ತದೆ, ಕೆಟ್ಟಿರುವುದು ಈ ಸುಟ್ಟ ಜಾಗ ಎಂದರು. ಆಮೇಲೆ ದನಿ ಏರಿಸಿ, "ಮರಗಟ್ಟಿದ ತಲೆಯ ಮೇಲೆ ಬಿಸಿ ಇಟ್ಟವರು ಯಾರ್ರೀ?" ಎಂದು ಕೇಳಿದರು.

"ಯಾರೂ ಇಲ್ಲ ಸಾರ್. ಕಣ್ಣು ಕಾಣದೆ ಬಚ್ಚಲ ಹಂಡೆಗೆ ನಾನೇ ತಲೆ ತಾಗಿಸಿಕೊಂಡೆ."

ರುದ್ರಣ್ಣ ಕೆಮ್ಮಿದ. ಪರದೆಯಾಚೆ ಅವ್ವನ ಬಳೆ ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು. ಹೊರಗೆ ಬಂದ ಮೇಲೆ ಅವಳಿಗೂ ಹಂಡೆಯ ಕಥೆಯನ್ನೇ ಹೇಳಿದೆ. ಹೌದಾ ಎಂದಳು, ಅಷ್ಟೇ.

ಊತ ಇಳಿಯಿತು, ಕಣ್ಣು ತೆರೆಯಿತು. ನಾಲ್ಕು ತಿಂಗಳಾದ ಮೇಲೆ ತಲೆಯಲ್ಲಿ ಇರುವೆ ಹರಿದಂತಾಗಿ ಸ್ಪರ್ಶವೂ ಸ್ವಲ್ಪ ಸ್ವಲ್ಪ ಮರಳಿತು. ಕೂದಲೂ ಬಂತು, ಬ್ರಷ್ಷಿನಂತೆ ಗುಂಪುಗುಂಪಾಗಿ. ಬಲಗಡೆ ರೂಪಾಯಿಯಗಲ ಜಾಗಕ್ಕೆ ಮಾತ್ರ ಕೂದಲೂ ಬರಲಿಲ್ಲ, ಅರಿವೂ ಬರಲಿಲ್ಲ. ಇವತ್ತಿಗೂ ಅಲ್ಲಿ ನೊಣ ಕೂತರೆ ಬೇರೆಯವರೇ ಹೇಳಬೇಕು. ಹಿರಿಯೂರಿನ ಹುಡುಗಿ ಒಪ್ಪಿದಳು, ಮದುವೆಯಾಯಿತು. ಅವಳು ನನ್ನ ತಲೆಯನ್ನೇ ನೋಡಿರಲಿಲ್ಲವಂತೆ.

ಅವಳ ಎರಡನೇ ಬಾಣಂತನ ನಮ್ಮ ಮನೆಯಲ್ಲೇ ನಡೆಯಿತು. ಸೊಂಟ ಹಿಡಿದಿತ್ತು. ಅವ್ವ ಹಂಚಿನ ಮೇಲಿಂದ ಉಪ್ಪಿನ ಗಂಟು ತೆಗೆದು, ಸೊಸೆಗೆ ಒತ್ತದೆ, ಮೊದಲು ತನ್ನ ಕೆನ್ನೆಗೆ ಒತ್ತಿ ಹಿಡಿದಳು. ಚರ್ಮ ಕೆಂಪಗಾಗುವಷ್ಟು ಹೊತ್ತು ಹಿಡಿದಳು. ತಡೆಯುತ್ತಾ ಅಂತ ಅವಳನ್ನೇ ಕೇಳಬಾರದೇನವ್ವ ಎಂದೆ.

ಅವ್ವ ನನ್ನ ಕಡೆ ತಿರುಗಲಿಲ್ಲ.

"ಕೇಳಿದ್ರೆ ತಡೀತೈತೆ ಅಂತಾರೆ ಕಣಪ್ಪ," ಎಂದು ಗಂಟನ್ನು ಇನ್ನಷ್ಟು ಆರಲು ನೆಲದ ಮೇಲಿಟ್ಟಳು.