ಆನೆಯ ಎರಡನೇ ಕಣ್ಣು

ಅಜ್ಜಂಪುರದ ನಮ್ಮ ಮನೆಯ ಹಿತ್ತಿಲಲ್ಲಿ ಕುಳಿತು ನೆನೆದ ಅವರೆಕಾಳು ಹಿತುಕುತ್ತಿದ್ದೆ. ಫೋನು ಬಂತು. ನನ್ನ ಯಜಮಾನರ ಜೊತೆ ತರೀಕೆರೆಯ ಪಾರ್ಕಿನಲ್ಲಿ ಬಣ್ಣ ಬಳಿಯುತ್ತಿದ್ದ ಬೀರೂರಿನ ಪೇಂಟರು.

“ಅಕ್ಕಾ, ಗಾಬರಿ ಆಗ್ಬ್ಯಾಡಿ. ಅಣ್ಣ ಏಣಿ ಮೇಲಿಂದ ಬಿದ್ದವ್ರೆ. ಆಸ್ಪತ್ರೆಗೆ ತಂದಿದೀವಿ.”

“ಮಾತಾಡ್ತಾರಾ?”

“ಕಣ್ಣು ಬಿಡ್ತಾವ್ರೆ. ಮಾತಿಲ್ಲ. ನೀವು ಬಂದ್ಬಿಡಿ.”

ಮಕ್ಕಳ ಪಾರ್ಕಿಗೆಂದು ಸಿಮೆಂಟಿನ ಕಾರ್ಟೂನ್ ಗೊಂಬೆಗಳನ್ನು ನಿಲ್ಲಿಸಿ, ಸಿಂಗರಿಸುವ ಕೆಲಸವನ್ನು ಸುತ್ತಲಿನ ಕಲಾವಿದರಿಗೆ ಹಂಚಿದ್ದರು. ನಮ್ಮವರ ಪಾಲಿಗೆ ಬಂದದ್ದು ಎರಡಾಳೆತ್ತರದ ಆನೆ. ನೀಲಿ ಚಡ್ಡಿ, ಕೆಂಪು ಟೋಪಿ. ಅವರು ವರ್ಷಾವರ್ಷ ಗಣಪತಿ ಮಾಡುವವರು. ಕಣ್ಣು ಬರೆಯುವುದು ಕೊನೆಗೆ, ಅದೂ ಮೂರ್ತಿಗೆ ಬೆನ್ನು ಮಾಡಿ, ಕನ್ನಡಿಯಲ್ಲಿ ನೋಡಿಕೊಂಡು. ಮೂರ್ತಿಯ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದೆಂದು ಮಾವನವರು ಕಲಿಸಿದ್ದು.

ಆ ಬೆಳಗ್ಗೆ ಕನ್ನಡಿಯನ್ನು ಚೀಲಕ್ಕೆ ಹಾಕಿದವಳು ನಾನೇ.

“ಅದು ಚಡ್ಡಿ ಹಾಕ್ಕೊಂಡಿರೋ ಆನೆ ಕಣೇ. ದೇವ್ರಲ್ಲ,” ಎಂದು ನಕ್ಕಿದ್ದರು.

“ಸೊಂಡ್ಲು ಐತಲ್ಲ. ಸುಮ್ನೆ ತಗೊಂಡ್ಹೋಗಿ.”

ಗಣಪತಿ ಮಾಡುವಾಗ ಅವರು ಮಣೆಯ ಮೇಲೆ ಕುಳಿತಿರುತ್ತಾರೆ. ಇಲ್ಲಿ ಏಣಿ. ಒಂದು ಕೈಗೆ ಕುಂಚ, ಒಂದು ಕೈಗೆ ಕನ್ನಡಿ; ಹಿಡಿದುಕೊಳ್ಳಲು ಇನ್ನು ಕೈ ಎಲ್ಲಿ? ಇದು ನನಗೆ ಹೊಳೆದದ್ದು ಬಸ್ಸು ಹತ್ತಿದ ಮೇಲೆ. ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಅವರೆಯ ಸಿಪ್ಪೆ ಉಗುರಿನಲ್ಲೇ ಇತ್ತು. ಕಂಡಕ್ಟರ್ ಎರಡು ಸಲ ಕೇಳಿದ ಮೇಲೆ ಇಳಿಯುವ ಊರಿನ ಹೆಸರು ಬಾಯಿಗೆ ಬಂತು. ಸ್ಟಾಪು ಸ್ಟಾಪಿಗೂ ಫೋನು ನೋಡುತ್ತಿದ್ದೆ. ಅದು ಸುಮ್ಮನಿದ್ದದ್ದೇ ಶಿವನ ಕರುಣೆ.

ಆಸ್ಪತ್ರೆಗೆ ಹೋಗಿ ನೋಡಿದರೆ ಅವರ ಎಡಗೈಯ ಮಣಿಕಟ್ಟು ಮುರಿದಿತ್ತು. ಬಲಗೈ ನೆಟ್ಟಗಿತ್ತು. ಒಡೆದ ಕನ್ನಡಿಯ ಚೂರು ಹುಬ್ಬನ್ನು ಗೀರಿ ಕಣ್ಣನ್ನು ಬಿಟ್ಟಿತ್ತು. ಮರಳಿನ ಗುಡ್ಡೆಯ ಮೇಲೆ ಬಿದ್ದದ್ದಕ್ಕೆ ಇಷ್ಟಾದರೂ ಉಳಿದರು ಎಂದರು ಪೇಂಟರು. ಆದರೆ ಮಾತಿಲ್ಲ. ತಲೆಗೆ ಪೆಟ್ಟಾಗಿದೆ, ಸಂಜೆಯವರೆಗೆ ಕಾಯಬೇಕು ಎಂದರು ಡಾಕ್ಟರು. ಯಜಮಾನರ ಬಲಗೈ ಹಿಡಿದು ಕುಳಿತೆ. ‘ಕನ್ನಡಿ ನಾನೇ ಕಳಿಸಿದ್ದು’ ಎಂದು ಪೇಂಟರಿಗೆ ಹೇಳಲು ನಾಲಿಗೆ ಏಳಲಿಲ್ಲ. ಪಂಚಾಕ್ಷರಿ ಜಪ ನಡುವೆ ನಡುವೆ ತಪ್ಪುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಆ ಬೆರಳುಗಳು ಅಲುಗಿದವು.

“ಆನೆಗೆ ಇನ್ನೊಂದ್ ಕಣ್ಣು ಬರೀಬೇಕು ಕಣೇ. ಹಂಗೇ ಬಿಟ್ರೆ ಮಕ್ಕಳು ಹೆದರ್ಕೋತಾವೆ.”

“ಬರೀವಿರಂತೆ. ಎದುರಿಗೇ ನಿಂತ್ಕೊಂಡು. ಏಣಿ ನಾನ್ ಹಿಡ್ಕೋತೀನಿ.”

“ಬೆಳಗ್ಗೆ ಸೊಂಡ್ಲು ಐತೆ ಅಂದಿದ್ಯಲ್ಲ?”

“ಅಂದಿದ್ದೆ. ನೋಡ್ಲಿ ಬಿಡಿ, ನಮ್ಮಿಬ್ರನ್ನೂ ನೋಡ್ಲಿ.”

ಮರುದಿನ ಅವರನ್ನು ಮನೆಗೆ ಕರೆತಂದು ಮಲಗಿಸಿದೆ. ಹಿತ್ತಿಲಲ್ಲಿ ಬಿಟ್ಟುಹೋಗಿದ್ದ ಕಾಳು ಹುಳಿ ವಾಸನೆ ಹೊಡೆಯುತ್ತಿತ್ತು. ಅದನ್ನು ಚೆಲ್ಲಿ, ಪಾತ್ರೆ ತೊಳೆದು, ಬೇರೆ ಅವರೆ ಅಳೆದು ನೆನೆಹಾಕಿದೆ. ನಾಲ್ಕು ಕಾಳು ನೆಲಕ್ಕೆ ಬಿದ್ದವು, ಆರಿಸಿಕೊಂಡೆ.