ಏಳನೇ ಹೆಜ್ಜೆಗೆ ಕೆಂಪು ಗೆರೆ

ಆ ಮನುಷ್ಯ ಬರೆದದ್ದನ್ನು ನಾನು ಓದಿದಷ್ಟು ಗಮನವಿಟ್ಟು ಅವರ ಮನೆಯವರೂ ಓದಿರಲಿಕ್ಕಿಲ್ಲ. ಆರು ವರ್ಷ ಓದಿದೆ. ಒಂದು ಸಾಲು ಬಿಡಲಿಲ್ಲ, ಒಂದು ಚಿತ್ರ ಬಿಡಲಿಲ್ಲ. ಅಭಿಮಾನದಿಂದಲ್ಲ. ಎಲ್ಲಾದರೂ ಒಂದು ಕಡೆ ಜಾರಿ ಬೀಳಲಿ, ಬೀಳುವಾಗ ನಾನು ಎದುರಿಗೇ ಇರಬೇಕು ಅಂತ.

ಆಗ ನಾನು ಯಲಹಂಕದ ಒಂದು ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಮನೆ ಅಲ್ಲಾಳಸಂದ್ರದಲ್ಲಿ, ಹಳೇ ಊರಿನೊಳಗೆ. ನನ್ನ ಜೊತೆ ಅವ್ವ ಇದ್ದಳು. ಬೆಂಗಳೂರಿನ ಗಣಿತದ ಮೇಷ್ಟ್ರುಗಳು, ರಿಟೈರಾದ ಪ್ರೊಫೆಸರುಗಳು, ಲೆಕ್ಕದ ಹುಚ್ಚಿದ್ದ ಬ್ಯಾಂಕಿನವರು ಎಲ್ಲ ಸೇರಿ ಒಂದು ವೆಬ್‌ಸೈಟು ನಡೆಸುತ್ತಿದ್ದರು. ತಾವೇ ಕಂಡುಕೊಂಡ ಪ್ರೂಫುಗಳನ್ನು ಅಲ್ಲಿ ಹಾಕುವುದು, ಉಳಿದವರು ಅದನ್ನು ಹದಿನೈದು ದಿನ ಪರೀಕ್ಷೆ ಮಾಡುವುದು. ಅಷ್ಟರಲ್ಲಿ ಯಾರೂ ತಪ್ಪು ಹಿಡಿಯದಿದ್ದರೆ ಅದು ಪಾಸು. ತಪ್ಪು ಸಿಕ್ಕಿತೋ, ಅಳಿಸುವ ಹಾಗಿಲ್ಲ. ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದು ಎಲ್ಲರಿಗೂ ಕಾಣುವಂತೆ ಹಾಗೇ ಬಿಡಬೇಕು. ಅದಲ್ಲದೆ, ತಪ್ಪು ಮಾಡಿದವರೇ ವರ್ಷಕ್ಕೊಮ್ಮೆ ಆರ್.ಟಿ. ನಗರದಲ್ಲಿ ನಡೆಯುವ ಸಭೆಗೆ ಬಂದು, ಬೋರ್ಡಿನ ಮುಂದೆ ನಿಂತು, ತಮ್ಮ ತಪ್ಪನ್ನು ತಾವೇ ಬಿಡಿಸಿ ಹೇಳಬೇಕು.

ನಾನು ಹಾಕಿದ್ದು ಜಮೀನು ಪಾಲು ಮಾಡುವ ಲೆಕ್ಕ. ಎಷ್ಟೇ ಮೂಲೆಗಳ ಸೈಟಾಗಲಿ, ಯಾವ ಮೂಲೆಯಲ್ಲಿ ನಿಂತರೂ ಅಲ್ಲಿಂದ ಒಂದೇ ನೇರ ಗೆರೆ ಎಳೆದು ಸರಿಸಮ ಎರಡು ಪಾಲು ಮಾಡಬಹುದು, ಆ ಗೆರೆಯನ್ನು ಹುಡುಕುವ ಬಗೆ ಹೀಗೆ, ಅಂತ. ಎರಡು ತಿಂಗಳ ಭಾನುವಾರಗಳು ಅದಕ್ಕೆ ಹೋದವು. ಪಠ್ಯಪುಸ್ತಕದ ಲೆಕ್ಕ ಬಿಟ್ಟು ನನ್ನದೇ ಅಂತ ನಾನು ಮಾಡಿದ ಮೊದಲ ಕೆಲಸ. ಹಾಕಿದ ದಿನ ಕ್ಲಾಸಿನಲ್ಲಿ ಕಾರಣವಿಲ್ಲದೆ ನಗುತ್ತಿದ್ದೆ. ಬರೀ ಪಾಠ ಒಪ್ಪಿಸುವವಳಲ್ಲ, ನಾನೂ ಗಣಿತ ಮಾಡುವವಳು ಅನ್ನುವ ಜಂಬ ಒಳಗೊಳಗೇ ಇತ್ತು.

ಎರಡನೇ ದಿನ ಅವರು ಬಂದರು. ರಿಟೈರಾದ ಪ್ರೊಫೆಸರ್, ವೆಬ್‌ಸೈಟಿನಲ್ಲಿ ಎಲ್ಲರೂ ಅವರನ್ನು ಸರ್ ಅಂತಲೇ ಕರೆಯುವುದು. ನನ್ನ ಬರಹದ ಕೆಳಗೆ ಬರೆದರು: ‘ಒಂದು ಮೂಲೆ ಒಳಕ್ಕೆ ಮಡಚಿಕೊಂಡಿದ್ದರೆ ಈ ಗೆರೆ ಸೈಟು ದಾಟಿ ಪಕ್ಕದವರ ಜಾಗಕ್ಕೆ ಹೋಗುತ್ತದೆ. ಲೇಖಕಿ ಲೇಔಟಿನ ಸೈಟು ಕಂಡಿದ್ದಾರೆ, ಹೊಲ ಕಂಡಿಲ್ಲ. ಪಿಯು ಪಾಠಕ್ಕೆ ಇಷ್ಟು ಸಾಕು.’

ಮೊದಲ ಸಾಲು ನಿಜ. ಅದಕ್ಕೆ ನನ್ನ ತಕರಾರಿಲ್ಲ. ಉಳಿದ ಎರಡು ಸಾಲು ಯಾಕೆ ಬೇಕಿತ್ತು? ಅದರ ಕೆಳಗೆ ಹಲ್ಲು ಕಿರಿಯುವ ಮುಖಗಳನ್ನು ಬೇರೆ ಒಬ್ಬೊಬ್ಬರಾಗಿ ಹಾಕಿದ್ದರು. ಹೊಲ ಕಂಡಿಲ್ಲವಂತೆ! ಕೆರೆಯ ಪಕ್ಕ ನಮ್ಮ ತಾತನ ಹೊಲ ಇತ್ತು. ಅದರ ಒಂದು ಮೂಲೆಗೆ ಪಕ್ಕದವರ ಬಾವಿ ನುಗ್ಗಿಕೊಂಡು, ಹೊಲ ಅಲ್ಲಿ ಒಳಕ್ಕೆ ಬಾಗಿತ್ತು. ಅಳೆಯಲು ಬಂದ ಸರ್ವೆಯವರು ಆ ಮೂಲೆಯಲ್ಲಿ ಸರಪಳಿ ಎಳೆದು ಬೈದುಕೊಳ್ಳುತ್ತಿದ್ದುದನ್ನು ಚಿಕ್ಕವಳಿದ್ದಾಗ ನಾನೇ ನೋಡಿದ್ದೇನೆ. ಅಂಥ ಹೊಲದಲ್ಲಿ ರಾಗಿ ತೆನೆ ಆಯ್ದವಳು, ಕಾಗದದ ಮೇಲೆ ಬರೆಯುವಾಗ ಪುಸ್ತಕದಲ್ಲಿರುವ ಹಾಗೆ ಮೂಲೆಗಳೆಲ್ಲ ಹೊರಕ್ಕೆ ಚಾಚಿದ ಚಿತ್ರವನ್ನೇ ಬರೆದುಕೊಂಡೆ. ಅದೇ ನನ್ನನ್ನು ಸುಟ್ಟದ್ದು. ಆ ಮನುಷ್ಯ ನನಗೆ ಗೊತ್ತಿಲ್ಲದ್ದನ್ನು ಹೇಳಲಿಲ್ಲ, ಗೊತ್ತಿದ್ದದ್ದನ್ನೇ ಮುಖಕ್ಕೆ ರಾಚಿದರು.

ಅವ್ವನಿಗೆ ಹೇಳಿಕೊಂಡೆ. ಅವಳು ಅವರೇಕಾಯಿ ಸುಲಿಯುತ್ತಿದ್ದಳು.

“ನಮ್ ಒಲ್ದಾಗೆ ಬಾವಿ ಮೂಲೆ ಇತ್ತಲ್ಲವ್ವಾ, ಅದನ್ಯಾಕ್ ಮರ್ತೆ ನೀನು?” ಅಂದಳು.

“ಅದಲ್ಲವ್ವ ವಿಷಯ. ಆಯಪ್ಪ ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದ.”

“ಯಾರೋ ಏನೋ ಅಂದ ಅಂತ ಇಂಗ್ ಮುಖ ಊದಿಸ್ಕೊಂಡ್ರೆ ಆಯ್ತದಾ? ತಪ್ಪಾಗಿದ್ರೆ ತಿದ್ದಿ ಆಕು.”

ತಿದ್ದಲಿಲ್ಲ. ಕೆಂಪು ಗೆರೆ ಎಳೆದೆ, ಅಷ್ಟೇ. ಆ ವರ್ಷದ ಸಭೆಗೂ ಹೋಗಲಿಲ್ಲ. ಜ್ವರ ಅಂತ ಒಂದು ಸಾಲು ಬರೆದು ಹಾಕಿದೆ. ಇದು ನಡೆದದ್ದು 2011ರಲ್ಲಿ.

ಆಮೇಲೆ ಶುರುವಾಯಿತು ನನ್ನ ಓದು. ಅವರು ಹಾಕಿದ್ದನ್ನೆಲ್ಲ ಪ್ರಿಂಟ್ ತೆಗೆದು ಒಂದು ಫೈಲಿನಲ್ಲಿ ಸೇರಿಸಿಕೊಳ್ಳುತ್ತಿದ್ದೆ. ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಪರೀಕ್ಷೆಯ ಕೊಠಡಿಯಲ್ಲಿ ಮಕ್ಕಳು ಬರೆಯುತ್ತಿರುವಾಗ, ಪೆನ್ಸಿಲ್ ಹಿಡಿದು ಓದುತ್ತಿದ್ದೆ. ಅವರ ಚಾಳಿಗಳೆಲ್ಲ ನನಗೆ ಬಾಯಿಪಾಠವಾದವು. ಲೆಕ್ಕ ಬಿಡಿಸಲು ಬೇಜಾರಾದ ಕಡೆ ‘ಸ್ಪಷ್ಟವಾಗಿಯೇ’ ಅಂತ ಬರೆದು ಮುಂದೆ ಹೋಗಿಬಿಡುತ್ತಿದ್ದರು. ಆ ಪದ ಕಂಡರೆ ಸಾಕು, ನಾನು ಅಲ್ಲೇ ಕೂತು ಅಗೆಯುತ್ತಿದ್ದೆ. ಪ್ರತಿ ಸಲವೂ ಅದು ಸ್ಪಷ್ಟವಾಗಿಯೇ ಇರುತ್ತಿತ್ತು. ಹಾಳಾದವರು ತಪ್ಪೇ ಮಾಡುತ್ತಿರಲಿಲ್ಲ. ಒಂದೊಂದು ಪ್ರೂಫು ಪಾಸಾದಾಗಲೂ ನನ್ನ ಹೊಟ್ಟೆ ಉರಿಯುತ್ತಿತ್ತು.

ಕಾಲೇಜಿನಲ್ಲಿ ಯಾರಾದರೂ, “ಏನ್ ಮೇಡಂ, ಏನೋ ದೊಡ್ದಾಗಿ ಬರೀತಿದೀರಾ?” ಅಂದರೆ ಸುಮ್ಮನೆ ನಗುತ್ತಿದ್ದೆ. ಬರೆಯುತ್ತಿರಲಿಲ್ಲ. ನನ್ನದೇ ಲೆಕ್ಕ ಒಂದೆರಡು ತಲೆಗೆ ಬಂದಿದ್ದವು. ಮೊದಲು ಇವರದ್ದು ಮುಗಿಯಲಿ, ಆಮೇಲೆ ನೋಡೋಣ ಅಂತ ಪಕ್ಕಕ್ಕಿಟ್ಟೆ. ಯಾವುವು ಅಂತ ಈಗ ನೆನಪಿಲ್ಲ.

2017ರಲ್ಲಿ ಅವರು ಒಂಬತ್ತು ಪುಟದ ಪ್ರೂಫು ಹಾಕಿದರು. ಮೂರನೇ ದಿನ, ಮಧ್ಯಾಹ್ನದ ಬಿಡುವಿನಲ್ಲಿ, ಏಳನೇ ಹೆಜ್ಜೆಯಲ್ಲಿ ನನ್ನ ಪೆನ್ಸಿಲ್ ನಿಂತಿತು. ಒಂದು ತ್ರಿಭುಜಕ್ಕೆ ಮೂರು ಬಾಹು, ಮೂರು ಕೋನ, ಒಟ್ಟು ಆರು ಅಳತೆ. ಎರಡು ತ್ರಿಭುಜಗಳಲ್ಲಿ ಐದು ಅಳತೆ ಸಮ ಎಂದು ಅವರು ತೋರಿಸಿದ್ದರು. ‘ಆದ್ದರಿಂದ ಸ್ಪಷ್ಟವಾಗಿಯೇ ಇವೆರಡೂ ಒಂದೇ’ ಅಂತ ಬರೆದಿದ್ದರು.

ಒಂದೇ ಅಲ್ಲ! 8, 12, 18 ಬಾಹುಗಳ ತ್ರಿಭುಜ ಒಂದು. ಅದರ ಪ್ರತಿ ಬಾಹುವನ್ನೂ ಒಂದೂವರೆ ಪಟ್ಟು ಮಾಡಿದರೆ 12, 18, 27. ಆಕಾರ ಅದೇ, ಹಾಗಾಗಿ ಮೂರು ಕೋನವೂ ಸಮ. 12 ಮತ್ತು 18 ಎರಡರಲ್ಲೂ ಇವೆ. ಐದು ಅಳತೆ ಸಮ; ಆದರೂ ಒಂದು ಚಿಕ್ಕದು, ಒಂದು ದೊಡ್ಡದು. ಮನೆಗೆ ಹೋಗಿ ಚಪ್ಪಲಿ ಡಬ್ಬಿಯ ರಟ್ಟಿನಲ್ಲಿ ಎರಡನ್ನೂ ಕತ್ತರಿಸಿ ಒಂದರ ಮೇಲೊಂದು ಇಟ್ಟು ನೋಡಿದೆ. ಆ ಹೆಜ್ಜೆ ಬಿದ್ದರೆ ಅದರ ಮೇಲೆ ಕಟ್ಟಿದ ಎರಡೂವರೆ ಪುಟವೂ ಬಿತ್ತು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಆ ಮದುವೆ ಮುರಿದ ದಿನವೂ ಆಗಿರಲಿಲ್ಲ.

ಅವತ್ತೇ ಹಾಕಬಹುದಿತ್ತು. ಹಾಕಲಿಲ್ಲ. ವರ್ಷದ ಸಭೆ ಬೀಳುವುದು ಹದಿನಾಲ್ಕನೇ ದಿನ, ಭಾನುವಾರ. ಅಲ್ಲಿಯವರೆಗೆ ಹೊಗಳಿಕೆ ತುಂಬಿಕೊಳ್ಳಲಿ ಅಂತ ಹನ್ನೊಂದು ದಿನ ಬಾಯಿ ಮುಚ್ಚಿಕೊಂಡು ಕೂತೆ. ತುಂಬಿಕೊಂಡಿತು. ಅದ್ಭುತ ಸರ್, ನಮಸ್ಕಾರ ಸರ್, ನಿಮ್ಮಿಂದ ಮಾತ್ರ ಸಾಧ್ಯ ಸರ್. ದಿನವೂ ಬೆಳಿಗ್ಗೆ ಕಾಫಿ ಕುಡಿಯುತ್ತಾ ಅವನ್ನು ಎಣಿಸುತ್ತಿದ್ದೆ. ಸಭೆಯಲ್ಲಿ ತಾವೇ ಬೋರ್ಡಿನ ಮೇಲೆ ಇದನ್ನು ವಿವರಿಸುವುದಾಗಿ ಸರ್ ಕೂಡ ಬರೆದರು. ಒಳ್ಳೆಯದೇ ಆಯಿತು ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಆ ತಪ್ಪನ್ನು ವೆಬ್‌ಸೈಟಿಗೆ ಹಾಕಿದೆ. ಎರಡು ತ್ರಿಭುಜ, ಆರು ಸಂಖ್ಯೆ, ನಾಲ್ಕು ಸಾಲು. ಕೊನೆಗೆ ಆರು ವರ್ಷದಿಂದ ಹೊಂದಿಸಿಟ್ಟಿದ್ದ ಮಾತು: ‘ಸರ್ ಪುಸ್ತಕದ ತ್ರಿಭುಜ ಕಂಡಿದ್ದಾರೆ, ಕತ್ತರಿಸಿದ ತ್ರಿಭುಜ ಕಂಡಿಲ್ಲ. ರಿಟೈರಾದವರಿಗೆ ಇಷ್ಟು ಸಾಕು.’

ನಾನು ಸೀರೆ ಉಟ್ಟು ಹೊರಟಾಗ ಅವ್ವ ಬಾಗಿಲಲ್ಲಿದ್ದಳು. “ಯಾರ್ನೋ ಒಡ್ದು ಬಂದಂಗೆ ಕಾಣ್ತೀಯಲ್ಲವ್ವಾ,” ಅಂದಳು.

ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತೇ ಇತ್ತು. ಆ ಟ್ರಾಫಿಕ್ಕಿಗೂ ನನಗೆ ಸಿಟ್ಟು ಬರಲಿಲ್ಲ. ಅವರ ಮುಖ ಹೇಗಾಗುತ್ತದೆ ಅಂತ ನೆನೆಸಿಕೊಳ್ಳುತ್ತಿದ್ದೆ. ಬರದೇ ಹೋಗಬಹುದು, ಜ್ವರ ಅನ್ನಬಹುದು. ಅದಾದರೂ ಸರಿಯೇ.

ಬಂದಿದ್ದರು. ಅರ್ಧ ತೋಳಿನ ಶರ್ಟು ಹಾಕಿದ, ತೆಳ್ಳಗಿನ ಮನುಷ್ಯ. ಅಷ್ಟು ವರ್ಷ ಒಂದು ಸಭೆಗೂ ಹೋಗದ ನಾನು ಅವರನ್ನು ನೋಡಿದ್ದು ಅವತ್ತೇ ಮೊದಲು. ಸಭೆ ಶುರುವಾಗುವಷ್ಟರಲ್ಲಿ ಎಲ್ಲರೂ ಮೊಬೈಲಿನಲ್ಲಿ ಓದಿ ಮುಗಿಸಿ ಪಿಸುಗುಡುತ್ತಿದ್ದರು. ಸರ್ ಎದ್ದು, ಚಾಕ್‌ಪೀಸ್ ತೆಗೆದುಕೊಂಡು ಎರಡು ತ್ರಿಭುಜ ಬರೆದರು. ನನ್ನವೇ. 8, 12, 18. ಪಕ್ಕದಲ್ಲಿ 12, 18, 27.

“ಐದು ಸಮ ಇದ್ರೆ ಆರನೇದೂ ಸಮ ಅಂತ ನಲವತ್ತು ವರ್ಷ ಪಾಠ ಮಾಡಿದ ನಾನೇ ನಂಬಿಬಿಟ್ಟಿದ್ದೆ ನೋಡ್ರಿ,” ಅಂದರು. “ಬೆಳಿಗ್ಗೆನೇ ಕೆಂಪು ಗೆರೆ ಎಳೆದು ಬಂದೆ. ಏಳನೇ ಹೆಜ್ಜೆ ಹೋಯ್ತು, ಕೆಳಗಡೆದೂ ಹೋಯ್ತು. ಹೇಗೆ ಹೋಯ್ತು ಅಂತ ತೋರಿಸ್ತೀನಿ.”

ಅರ್ಧ ಗಂಟೆ ತೋರಿಸಿದರು. ನಾನು ಬರೆದದ್ದಕ್ಕಿಂತ ಚೆನ್ನಾಗಿಯೇ ತೋರಿಸಿದರು. ಜನ ನಕ್ಕರು, ಅವರೂ ನಕ್ಕರು. ನನಗೆ ಬೇಕಾಗಿದ್ದ ನಗು ಅದಲ್ಲ. ನಾನು ಮುಂದಿನ ಸಾಲಿನಲ್ಲಿ ಕೂತು ಅವರ ಕಿವಿ ಕೆಂಪಾಗುವುದನ್ನು ಕಾಯುತ್ತಿದ್ದೆ, ಆಗಲೇ ಇಲ್ಲ.

ಟೀ ಕೊಡುವಾಗ ಅವರೇ ಹುಡುಕಿಕೊಂಡು ಬಂದರು. “ನೀವೇನಾ ಮೇಡಂ? ತುಂಬಾ ಥ್ಯಾಂಕ್ಸ್. ಈ ಗುಂಪಲ್ಲಿ ಇಷ್ಟು ಗಮನ ಕೊಟ್ಟು ಓದೋರು ಯಾರಿದಾರೆ ಹೇಳಿ? ಆ ಕೊನೇ ಸಾಲು ಮಾತ್ರ ಯಾಕ್ ಬರೆದ್ರಿ ಅಂತ ಗೊತ್ತಾಗ್ಲಿಲ್ಲ. ಹೋಗ್ಲಿ ಬಿಡಿ. ಹೊಸದಾಗಿ ಸೇರಿದ್ರಾ?”

ಇವರಿಗೆ ಏನೂ ನೆನಪಿಲ್ಲ! ನಾನು ದಿನಾ ಉಪ್ಪು ಹಾಕಿ ಕಾಪಾಡಿಟ್ಟ ಆ ಮೂರು ಸಾಲು, ಇವರು ಬರೆದು ಮರುಕ್ಷಣವೇ ಮರೆತದ್ದು. ಕೈಯಲ್ಲಿದ್ದ ಟೀ ಅವರ ಶರ್ಟಿನ ಮೇಲೆ ಚೆಲ್ಲಬೇಕು ಅನ್ನಿಸಿತು. ಸುಳ್ಳು ಹೇಳುತ್ತಿಲ್ಲ, ನಿಜವಾಗಿ ಅನ್ನಿಸಿತು.

“ಇಲ್ಲ ಸರ್, ಆರು ವರ್ಷದಿಂದ ಇದೀನಿ.”

“ಆರು ವರ್ಷ?” ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. “ನಿಮ್ಮದು ಏನೂ ಓದಿದ ನೆನಪಿಲ್ವಲ್ಲ ಮೇಡಂ. ಇಷ್ಟು ಹಿಡಿಯೋರು ಏನಾದ್ರೂ ಮಾಡಿರ್ಲೇಬೇಕು. ಏನಿದೆ ಕಳಿಸಿ, ನಾನೇ ಮೊದಲು ಓದ್ತೀನಿ. ಯಾಕೆ, ಏನೂ ಹಾಕೇ ಇಲ್ವಾ?”

‘ನಿಮ್ಮಿಂದಲೇ’ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ, ಎರಡು ಸಾಲಿನಿಂದ ಒಬ್ಬಳ ಆರು ವರ್ಷ ತೆಗೆದುಕೊಂಡೆ ಅಂತ ಅವರಿಗೆ ಗೊತ್ತಾಗುತ್ತಿತ್ತು. ಆ ಗೆಲುವನ್ನೂ ಅವರ ಕೈಗೆ ನಾನೇ ಎತ್ತಿಕೊಡಲೇ? ಅದೂ ಅಲ್ಲದೆ, ಅವರು ಆಡಿದ್ದು ಒಂದೇ ದಿನ. ಮಿಕ್ಕ ದಿನಗಳನ್ನೆಲ್ಲ ಪೆನ್ಸಿಲ್ ಹಿಡಿದು ಕಳೆದವಳು ನಾನು.

“ಟೈಮ್ ಸಿಗ್ಲಿಲ್ಲ ಸರ್,” ಅಂದೆ.